ಹೊಸ ಕೇಸ್ ಕೊಳ್ಳಲೋ, ಸೈನ್ಯದ ಹಳೇ ಕೇಸ್ ಸಾಕೋ?

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿದ್ದೇನೆ. .308 ವಿಂಚೆಸ್ಟರ್ ಬೋಲ್ಟ್ ರೈಫಲ್ ಇದೆ. ಅದು ಗುರಿ ಅಭ್ಯಾಸಕ್ಕೆ ಮಾತ್ರ. ತೋಟಾ ನಾನೇ ತುಂಬಿಸಿಕೊಳ್ಳಬೇಕು ಅಂತಿದ್ದೇನೆ. ಮದ್ದು ತುಂಬಿ ಗುಂಡು ಕೂರಿಸುವ ಹಿತ್ತಾಳೆ ಕೊಳವೆ, ಅಂದರೆ ಕೇಸ್, ಹೊಸದಾದರೆ ಬೆಲೆ ಜಾಸ್ತಿ. ಸೈನ್ಯದವರು ಒಮ್ಮೆ ಹೊಡೆದ ಕೇಸ್ ಅಗ್ಗಕ್ಕೆ ಸಿಗುತ್ತದೆ. ಯಾವುದನ್ನು ಕೊಳ್ಳಲಿ?

ಉತ್ತರ: ಕೊಳ್ಳುವ ಮುಂಚೆ ಮನೆಯಲ್ಲಿ ಹುಡುಕಿ ನೋಡಿ. ಇಷ್ಟು ದಿನ ಅಂಗಡಿಯ ತೋಟಾ ಹೊಡೆದಿದ್ದೀರಿ ಅಲ್ವಾ? ಆ ಖಾಲಿ ಕೇಸ್‌ಗಳನ್ನು ಎತ್ತಿಟ್ಟಿದ್ದರೆ, ಶುರು ಮಾಡಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಅವು ಒಂದೇ ಸಲ ಹೊಡೆದವು, ನಿಮ್ಮದೇ ರೈಫಲ್‌ನಲ್ಲಿ ಹೊಡೆದವು. ಎರಡೂ ನಿಮಗೆ ಗೊತ್ತು. ಕೇಸ್ ಆರಿಸುವಾಗ ಕಂಪನಿಯ ಹೆಸರಿಗಿಂತ ಈ ಚರಿತ್ರೆಗೇ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ರೈಫಲ್ ಕೇಸಿನ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಬುಡದಲ್ಲಿ ಕೂರುವ, ಮದ್ದಿಗೆ ಬೆಂಕಿ ಹಚ್ಚುವ ಕೇಪು (ಪ್ರೈಮರ್) ಸಿಡಿದು ಮದ್ದು ಉರಿದಾಗ .308ರೊಳಗೆ ಒತ್ತಡ ಚದರ ಇಂಚಿಗೆ 62,000 ಪೌಂಡ್‌ವರೆಗೂ ಹೋಗಬಹುದು. ಅಮೆರಿಕದ ತಯಾರಕರು ಒಪ್ಪಿಕೊಂಡಿರುವ ಮಿತಿ ಅದು. ಆ ಕ್ಷಣದಲ್ಲಿ ಕೇಸ್ ಉಬ್ಬಿ ಚೇಂಬರ್ ಗೋಡೆಗೆ, ಅಂದರೆ ರೈಫಲ್‌ನಲ್ಲಿ ತೋಟಾ ಕೂರುವ ಜಾಗದ ಗೋಡೆಗೆ, ಅಂಟಿಕೊಳ್ಳುತ್ತದೆ. ಬಿಸಿ ಅನಿಲ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ಒಂದಿಷ್ಟು ಕುಗ್ಗಿ ಹೊರಗೆ ಬರುತ್ತದೆ. ಉಬ್ಬಿದ್ದನ್ನು ಮತ್ತೆ ಅಳತೆಗೆ ತರಲು ನೀವು ಡೈ ಎಂಬ ಅಚ್ಚಿಗೆ ಹಾಕಿ ಒತ್ತುತ್ತೀರಿ. ಹಿತ್ತಾಳೆಗೆ ಈ ಉಬ್ಬುವುದು, ಒತ್ತಿಸಿಕೊಳ್ಳುವುದು ಪ್ರತಿ ಸಲವೂ ತಪ್ಪಿದ್ದಲ್ಲ.

ಹೀಗೆ ದಣಿದ ಹಿತ್ತಾಳೆ ಗಟ್ಟಿಯಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಮಂಡ್ಯ ಜಿಲ್ಲೆಯ ನಾಗಮಂಗಲದಂಥ ಊರುಗಳಲ್ಲಿ ಲೋಹದ ಕೆಲಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಗಡನ್ನು ಬಡಿದು ಗಟ್ಟಿಯಾದಾಗ ಕಾಯಿಸಿ ಮೆದು ಮಾಡಿಕೊಂಡು ಮತ್ತೆ ಬಡಿಯುವುದು ಹಳೆಯ ವಿದ್ಯೆ. ಕಾರ್ಖಾನೆಯಲ್ಲೂ ಅಷ್ಟೇ, ಗುಂಡನ್ನು ಹಿಡಿದುಕೊಳ್ಳುವ ಕೇಸಿನ ಕತ್ತು ಮತ್ತು ಅದರ ಕೆಳಗಿನ ಭುಜವನ್ನು ಮಾತ್ರ ಕಾಯಿಸಿ ಮೆದು ಮಾಡುತ್ತಾರೆ. ಬುಡವನ್ನು ಗಟ್ಟಿಯಾಗಿಯೇ ಬಿಡುತ್ತಾರೆ. ಒತ್ತಡ ತಡೆಯಬೇಕಾದದ್ದು ಬುಡ. ಅದನ್ನು ಕಾಯಿಸಿದ ಕೇಸ್ ಮತ್ತೆ ಬಳಸಲೇಬಾರದು. ಫಿನ್ಲೆಂಡ್‌ನ ಲಾಪುವಾ ಕಂಪನಿಯ ಹೊಸ ಕೇಸ್‌ಗಳ ಕತ್ತಿನಲ್ಲಿ ನೀಲಿ, ಕಂದು ಬಣ್ಣ ಕಾಣುತ್ತದಲ್ಲ, ಅದು ಈ ಕಾಯಿಸಿದ ಗುರುತು. ಕೊಳೆ ಅಂತ ತಿಕ್ಕಲು ಹೋಗಬೇಡಿ.

ಈಗ ಸೈನ್ಯದ ಕೇಸ್ ವಿಷಯ. ಅಮೆರಿಕದಲ್ಲಿ ಹೆಚ್ಚಾಗಿ ಸಿಗುವುದು ಲೇಕ್ ಸಿಟಿಯದು. ಮಿಸೌರಿಯ ಇಂಡಿಪೆಂಡೆನ್ಸ್‌ನಲ್ಲಿ 1941ರಲ್ಲಿ ಶುರುವಾದ ಸೇನೆಯ ಕಾರ್ಖಾನೆ ಅದು. ಬುಡದ ಮೇಲೆ ಎಲ್‌ಸಿ ಎಂಬ ಮುದ್ರೆ ಮತ್ತು ವರ್ಷದ ಕೊನೆಯ ಎರಡು ಅಂಕಿ ಇರುತ್ತವೆ. ಹಿತ್ತಾಳೆ ಒಳ್ಳೆಯದೇ. ತೊಂದರೆ ಇರುವುದು ಅದು ಎಲ್ಲಿ ಸಿಡಿಯಿತು ಎಂಬುದರಲ್ಲಿ. .308ರ ಸೈನ್ಯದ ರೂಪವಾದ 7.62 ನ್ಯಾಟೊ ಕೇಸ್‌ಗಳಲ್ಲಿ ಎಷ್ಟೋ ಮೆಷಿನ್ ಗನ್‌ನಲ್ಲಿ ಸಿಡಿದವು. ಆ ಚೇಂಬರ್‌ಗಳು ಸಡಿಲ. ಹಾಗಾಗಿ ಕೇಸ್ ಉದ್ದಕ್ಕೆ ಎಳೆದುಕೊಂಡು, ಬುಡದಿಂದ ಸ್ವಲ್ಪ ಮೇಲೆ ಗೋಡೆ ಒಳಗಿನಿಂದ ತೆಳುವಾಗಿರುತ್ತದೆ. ನೀವು ಅದನ್ನು ಹೊಡೆಯುವುದಕ್ಕಿಂತ ಮುಂಚೆಯೇ ಅದರ ಆಯಸ್ಸು ಕರಗಿರುತ್ತದೆ.

ಮೊದಲ ವರ್ಷ ನಾನು ಒಬ್ಬರಿಂದ ಒಂದು ಬಕೆಟ್ ಬೆರಕೆ ಕೇಸ್ ತಂದೆ. ಎಲ್ಲವೂ ಒಮ್ಮೆ ಮಾತ್ರ ಹೊಡೆದದ್ದು ಅಂದಿದ್ದರು. ಎರಡನೇ ಸುತ್ತಿಗೇ ಕೆಲವು ಕತ್ತು ಸೀಳಿದವು. ಇನ್ನು ಕೆಲವದರ ಬುಡದ ಮೇಲೆ ಸುತ್ತಲೂ ಹೊಳೆಯುವ ಗೆರೆ ಮೂಡಿತ್ತು. ಆ ಗೆರೆ ಕಂಡರೆ ಅನುಮಾನ ಪಡಿ. ಅಲ್ಲೇ ಕೇಸ್ ಎರಡು ತುಂಡಾಗುವುದು. ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿಯನ್ನು ಸಣ್ಣಗೆ ಬಗ್ಗಿಸಿ, ಒಳಗೋಡೆಯ ಮೇಲೆ ಬುಡದಿಂದ ಮೇಲಕ್ಕೆ ಎಳೆಯಿರಿ. ಗೋಡೆ ತೆಳುವಾಗಿದ್ದರೆ ತುದಿ ಸಣ್ಣ ತಗ್ಗಿಗೆ ಬಿದ್ದ ಹಾಗಾಗುತ್ತದೆ. ಕೈಗೆ ಗೊತ್ತಾಗಿಬಿಡುತ್ತದೆ. ಅಂಥದ್ದನ್ನು ಎಸೆಯಿರಿ, ಬೆಲೆ ನೋಡಬೇಡಿ.

ಸೈನ್ಯದ ಕೇಸ್‌ನಲ್ಲಿ ಕೇಪು ಸಡಿಲವಾಗಿ ಬೀಳದಿರಲೆಂದು ಅದು ಕೂರುವ ಗುಳಿಯ ಅಂಚನ್ನು ಒಳಕ್ಕೆ ಒತ್ತಿರುತ್ತಾರೆ. ಆ ಅಂಚನ್ನು ಸರಿಮಾಡದೆ ಹೊಸ ಕೇಪು ಕೂರುವುದಿಲ್ಲ. ಇದು ಬರೀ ಕೆಲಸ, ಒಮ್ಮೆ ಮಾಡಿದರೆ ಮುಗಿಯಿತು. ಮುಖ್ಯವಾದದ್ದು ಬೇರೆ ಇದೆ. 7.62 ಸೈನ್ಯದ ಕೇಸಿನ ಗೋಡೆ ಸಾಮಾನ್ಯವಾಗಿ .308 ಕೇಸಿನದ್ದಕ್ಕಿಂತ ದಪ್ಪ. ಹೊರಗೆ ಅಳತೆ ಒಂದೇ, ಒಳಗೆ ಜಾಗ ಕಡಿಮೆ. ಅಂದರೆ ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ. ಕೇಸ್ ಬದಲಾಯಿಸಿದರೆ ಮದ್ದಿನ ಹಳೇ ಅಳತೆ ಹಾಗೇ ನಡೆಯುವುದಿಲ್ಲ. ತೋಟಾ ತುಂಬಿಸುವ ಕೈಪಿಡಿಯ ಕನಿಷ್ಠ ಅಳತೆಯಿಂದ ಮತ್ತೆ ಶುರು ಮಾಡಬೇಕು. ಒಳಗಿನ ಜಾಗ ಅಳೆಯುವುದು ಸುಲಭ. ಹೊಡೆದ ಕೇಪು ಅಲ್ಲೇ ಇರುವಾಗ ಕೇಸ್ ತೂಗಿ, ಬಾಯಿವರೆಗೂ ನೀರು ತುಂಬಿ ಮತ್ತೆ ತೂಗಿ. ಎರಡರ ವ್ಯತ್ಯಾಸ ನೋಡಿ. ಎರಡು ಕಂಪನಿಯ ಕೇಸ್‌ಗಳನ್ನು ಒಂದು ಸಲ ಹೀಗೆ ಅಳೆದು ನೋಡಿದರೆ, ಬೆರಕೆ ಮಾಡುವ ಆಸೆಯೇ ಹೋಗುತ್ತದೆ.

ಹಾಗಾಗಿ ನನ್ನ ಉತ್ತರ ಇದು. ಮನೆಯಲ್ಲಿರುವ, ಒಂದೇ ಮುದ್ರೆಯ ಕೇಸ್‌ಗಳಿಂದ ಕಲಿಯಿರಿ. ಸಾಲದಿದ್ದರೆ ಒಂದೇ ಕಂಪನಿಯ, ಒಂದೇ ಲಾಟ್‌ನ 100 ಹೊಸ ಕೇಸ್ ಕೊಳ್ಳಿ. ಸ್ಟಾರ್‌ಲೈನ್, ಹಾರ್ನಡಿ, ವಿಂಚೆಸ್ಟರ್ ಯಾವುದಾದರೂ ಕಲಿಯುವವರಿಗೆ ಸಾಕು. ಫಿನ್ಲೆಂಡ್‌ನ ಲಾಪುವಾ ದುಬಾರಿ, ಆದರೆ ಒಂದಕ್ಕೊಂದು ಅಳತೆಯಲ್ಲಿ ಅಷ್ಟು ಹೊಂದುವ ಕೇಸ್ ಕಮ್ಮಿ. ದೂರದ ಗುರಿಗೆ ಹೊಡೆಯುವಾಗ ಅದರ ಬೆಲೆ ತಿಳಿಯುತ್ತದೆ, 100 ಗಜಕ್ಕೆ ಅಷ್ಟಾಗಿ ಅಲ್ಲ. ಒಂದು ಎಚ್ಚರ ಬೇಕು. .308ಕ್ಕೇ ಲಾಪುವಾದಲ್ಲಿ ಸಣ್ಣ ಕೇಪಿನ ಪಾಲ್ಮಾ ಕೇಸ್ ಕೂಡ ಇದೆ. ಅದರ ಬೆಂಕಿ ಹಾಯುವ ತೂತೂ ಸಣ್ಣದು, ಹಳೇ ಕೇಪನ್ನು ತಳ್ಳಿ ತೆಗೆಯುವ ಮಾಮೂಲಿ ಡೈನ ಪಿನ್ ಅದರಲ್ಲಿ ಸಿಕ್ಕಿಕೊಳ್ಳಬಹುದು. ಡಬ್ಬದ ಮೇಲೆ ಓದಿಯೇ ಕೊಳ್ಳಿ.

ಹೊಸದಾದರೂ ನೇರವಾಗಿ ತುಂಬಿಸಬೇಡಿ. ಸಾಗಾಟದಲ್ಲಿ ಬಾಯಿ ನಜ್ಜಾಗಿರಬಹುದು, ಡೈನಲ್ಲಿ ಒಮ್ಮೆ ದುಂಡಗೆ ಮಾಡಿಕೊಳ್ಳಿ. ಉದ್ದವನ್ನೂ ಅಳೆಯಿರಿ. .308 ಕೇಸ್ 2.015 ಇಂಚು ಮೀರಬಾರದು. ಮೀರಿದ್ದನ್ನು 2.005ಕ್ಕೆ ಕತ್ತರಿಸಿಕೊಳ್ಳುವುದು ರೂಢಿ.

ತೊಳೆಯುವ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಕಥೆ ಇದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ತೋಟಾಗಳು ಮಳೆಗಾಲದಲ್ಲಿ ಸುಮ್ನೆ ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಅವನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆ ಮೂತ್ರದ ಅಮೋನಿಯಾ, ತೇವದ ಗಾಳಿ, ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ ಮೂರೂ ಸೇರಿ ಸೀಳುತ್ತಿದ್ದವು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ. ಅದಕ್ಕೇ ಅಮೋನಿಯಾ ಇರುವ ಪಾಲಿಶ್ ಕೇಸ್‌ಗೆ ಹಚ್ಚಬಾರದು. ನಮ್ಮ ಅಜ್ಜಿಯರು ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚುತ್ತಿದ್ದರಲ್ಲ, ಇಲ್ಲೂ ಅಂಥದೇ ಹುಳಿಯ ಕೆಲಸ. ನೀರಿಗೆ ಒಂಚೂರು ಸಿಟ್ರಿಕ್ ಆಸಿಡ್, ಕೆಲವೇ ನಿಮಿಷ, ಆಮೇಲೆ ಚೆನ್ನಾಗಿ ಜಾಲಿಸಿ ಒಣಗಿಸಿ. ಜಾಸ್ತಿ ಹೊತ್ತು ಬಿಟ್ಟರೆ ಮೇಲ್ಮೈಯ ಸತು ಹೋಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಊರಿನಲ್ಲಿರುವ ಓದುಗರಿಗೆ ಒಂದು ಮಾತು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಸಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ಭಾರತದಲ್ಲಿ ಹಾಗಲ್ಲ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲಿ ತೋಟಾ ಕೋವಿ ಇದ್ದರೂ ಅಷ್ಟೇ.

ಕೇಸ್ ತಂದ ದಿನವೇ ಡಬ್ಬದ ಮೇಲೆ ಲಾಟ್ ನಂಬರ್ ಬರೆಯಿರಿ. ಪ್ರತಿ ಸುತ್ತು ಹೊಡೆದ ಮೇಲೆ ಒಂದು ಗೀಟು ಹಾಕಿ. ಕೆಟ್ಟ ಕೇಸ್ ಕಂಡರೆ ಕಸಕ್ಕೆ ಹಾಕುವ ಮುಂಚೆ ಇಕ್ಕಳದಿಂದ ಬಾಯಿ ಅಪ್ಪಚ್ಚಿ ಮಾಡಿ. ಇಲ್ಲದಿದ್ದರೆ ಇನ್ಯಾರೋ ಅದನ್ನು ಎತ್ತಿಕೊಂಡು ತುಂಬಿಸುತ್ತಾರೆ.