‘ಬರೇ ಕುಡದಾನ, ಸೇದಿಲ್ಲ’: ಬಂಗಿ ಬಗ್ಗೆ ನಮಗಿರುವ ಧೈರ್ಯ ಎಲ್ಲಿಂದ ಬಂತು?

ಹುಬ್ಬಳ್ಳಿಯಲ್ಲಿ ಬಣ್ಣದಾಟದ ಜೋರು ರಂಗಪಂಚಮಿಗೆ. ಕೆಲವು ವರ್ಷಗಳ ಹಿಂದೆ ಅದೇ ದಿನ ನಮ್ಮ ಓಣಿಯ ಹುಡುಗನೊಬ್ಬ ಗೆಳೆಯರ ಜೊತೆ ಒಂದು ಲೋಟ ಬಂಗಿ ಹಾಕಿದ ಹಾಲು ಕುಡಿದ. ಅರ್ಧ ಗಂಟೆ ಕಾದ. ‘ಏನೂ ಏರವಲ್ದು’ ಎಂದು ಇನ್ನೊಂದು ಲೋಟ ಇಳಿಸಿದ. ಮಧ್ಯಾಹ್ನ ನಾನು ನೋಡಿದಾಗ ಕಟ್ಟೆ ಮೇಲೆ ಎದೆ ಹಿಡಿದು ಕೂತಿದ್ದ. ಕೈ ತಣ್ಣಗಾಗಿತ್ತು, ನಾಡಿ ಓಡುತ್ತಿತ್ತು. ‘ಕಾಕಾ, ನಾ ಸಾಯಾಕತ್ತೀನಿ’ ಅನ್ನೋದೊಂದೇ ಮಾತು. ಅವನ ತಾಯಿ ಕೇಳಿದ್ದು ಇಷ್ಟೇ: ‘ಬರೇ ಕುಡದಾನ್ರೀ, ಸೇದಿಲ್ಲ. ಹಿಂಗ್ಯಾಕಾತು?’

ಆ ಪ್ರಶ್ನೆಯ ಹಿಂದಿರುವ ನಂಬಿಕೆ ಹಳೆಯದು. ಗಿಡ ಒಂದೇ. ಎಲೆ ಅರೆದರೆ ಬಂಗಿ, ಹೂವಿನ ತೆನೆ ಒಣಗಿಸಿದರೆ ಗಾಂಜಾ, ಅದರ ಅಂಟು ಚರಸ್. 1893ರಲ್ಲಿ ಬ್ರಿಟಿಷ್ ಸರ್ಕಾರ ಇದರ ತನಿಖೆಗೆ ಒಂದು ಆಯೋಗ ಕೂರಿಸಿತು. ಗಾಂಜಾದಿಂದ ಹುಚ್ಚು ಹಿಡಿಯುತ್ತದೆ ಅನ್ನೋ ದೂರು ಆಗ ಜಾಸ್ತಿ ಇತ್ತು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಇಂದು ಡಿಮ್ಹಾನ್ಸ್ ಆಗಿರುವ ಮಾನಸಿಕ ಆಸ್ಪತ್ರೆ ಅಷ್ಟೊತ್ತಿಗಾಗಲೇ ಇಲ್ಲಿತ್ತು. ಆಯೋಗ ಇಂಥ ಆಸ್ಪತ್ರೆಗಳ ದಾಖಲೆಗಳನ್ನೇ ಬಿಚ್ಚಿ ನೋಡಿತು. 1892ರಲ್ಲಿ ದೇಶದಲ್ಲಿ ದಾಖಲಾದ 1,344 ಜನರಲ್ಲಿ 222 ಮಂದಿಗೆ ಗಾಂಜಾ, ಬಂಗಿಯೇ ಕಾರಣ ಎಂದು ಬರೆದಿದ್ದರು. ಪರಿಶೀಲಿಸಿದರೆ ಅದರಲ್ಲಿ ಅರ್ಧದಷ್ಟೂ ನಿಲ್ಲಲಿಲ್ಲ. ರೋಗಿಯನ್ನು ಕರೆತಂದ ಪೊಲೀಸರ ಕಾಗದದಲ್ಲಿದ್ದ ಕಾರಣವನ್ನೇ ಎಷ್ಟೋ ಕಡೆ ಸುಮ್ನೆ ನಕಲು ಮಾಡಿದ್ದರು. ಮಿತವಾಗಿ ಬಳಸಿದರೆ ದೊಡ್ಡ ಹಾನಿಯಿಲ್ಲ, ಬಂಗಿಯಂತೂ ಸೌಮ್ಯ ಎಂಬ ಕಡೆಗೇ 1894ರ ವರದಿ ವಾಲಿತು.

ಮುಂದೆ ಮಾದಕ ವಸ್ತುಗಳ ಬಗ್ಗೆ 1961ರಲ್ಲಾದ ವಿಶ್ವಸಂಸ್ಥೆಯ ಒಪ್ಪಂದ ಹೂವಿನ ತೆನೆಯನ್ನು ನಿಯಂತ್ರಣದ ಪಟ್ಟಿಗೆ ಸೇರಿಸಿತು, ಎಲೆಯನ್ನು ಬಿಟ್ಟಿತು. ನಮ್ಮ ಮಾದಕ ವಸ್ತು ನಿಯಂತ್ರಣ ಕಾಯ್ದೆಯೂ, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆಯೂ, ಹಾಗೇ ಮಾಡಿತು. 2022ರಲ್ಲಿ ಕರ್ನಾಟಕ ಹೈಕೋರ್ಟ್, ಬಂಗಿ ಈ ಕಾಯ್ದೆಯಡಿ ಬರುವುದಿಲ್ಲ ಎಂದು ಆರೋಪಿಯೊಬ್ಬನಿಗೆ ಜಾಮೀನು ಕೊಟ್ಟಿತು. ಜನ ಇದನ್ನು ‘ಬಂಗಿಯಿಂದ ಅಪಾಯ ಇಲ್ಲ’ ಎಂದು ಓದಿಕೊಂಡರು. ನನ್ನ ತಕರಾರು ಇರೋದು ಇಲ್ಲೇ. ಕಾನೂನು ನೋಡಿದ್ದು ಗಿಡದ ಯಾವ ಭಾಗ ಅನ್ನೋದನ್ನ. ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ ಅನ್ನೋದು ಬೇರೆಯೇ ಲೆಕ್ಕ.

ನಶೆ ಕೊಡುವ ಮುಖ್ಯ ಅಂಶ ಟಿಎಚ್‌ಸಿ. ಇಸ್ರೇಲಿನ ಗಾವೊನಿ ಮತ್ತು ಮೆಕೂಲಮ್ ಅದನ್ನು ಬೇರ್ಪಡಿಸಿದ್ದು 1964ರಲ್ಲಿ, ಅಂದರೆ ಆಯೋಗದ ವರದಿ ಬಂದು 70 ವರ್ಷದ ಮೇಲೆ. ಚಿಲುಮೆ ಸೇದಿದರೆ ಅದು ಶ್ವಾಸಕೋಶದಿಂದ ನೇರ ರಕ್ತಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ತಲೆಗೇರುತ್ತದೆ, ಎರಡು-ಮೂರು ಗಂಟೆಯಲ್ಲಿ ಇಳಿಯುತ್ತದೆ. ತಿಂದರೆ, ಕುಡಿದರೆ ಹಾಗಲ್ಲ. ಹೊಟ್ಟೆ, ಕರುಳು ದಾಟಿ ಮೊದಲು ಯಕೃತ್ತಿಗೆ ಹೋಗಬೇಕು. ಅಲ್ಲಿ ಅದು 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ಇನ್ನೊಂದು ರೂಪ ತಾಳುತ್ತದೆ. ಇದೂ ಗಟ್ಟಿ ನಶೆಯದೇ. ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಒಮ್ಮೆ ಏರಿದರೆ ಆರೆಂಟು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಇಳಿಯುವುದಿಲ್ಲ. ಹುಡುಗ ಎರಡನೇ ಲೋಟ ಎತ್ತಿದಾಗ ಮೊದಲನೆಯದು ಇನ್ನೂ ದಾರಿಯಲ್ಲೇ ಇತ್ತು. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಕೆನೆಹಾಲು, ತುಪ್ಪ ಅದಕ್ಕೆ ಒಳ್ಳೆ ಜೊತೆ.

ಹಾಗಂತ ಸೇದುವುದು ವಾಸಿ ಅಂತಲ್ಲ. ಹೊಗೆಯಲ್ಲಿ ಟಾರ್ ಇದೆ, ಕಾರ್ಬನ್ ಮಾನಾಕ್ಸೈಡ್ ಇದೆ. ದಿನವೂ ಸೇದುವವರಿಗೆ ಕೆಮ್ಮು, ಕಫ ಬಿಡುವುದಿಲ್ಲ. ನಮ್ಮಲ್ಲಿ ತಂಬಾಕು ಬೆರೆಸಿ ಸೇದುವುದೇ ಹೆಚ್ಚು, ಅದರ ಕಾಟ ಬೇರೆ. ಚಿಲುಮೆಗೆ ಸುತ್ತುವ ಒದ್ದೆ ಬಟ್ಟೆ ಇದನ್ನೆಲ್ಲ ತಡೆಯಲ್ಲ. ತಿಂದರೆ ಶ್ವಾಸಕೋಶವೇನೋ ಉಳಿಯಿತು, ಆದರೆ ತಲೆ, ಎದೆ? ಎದೆಬಡಿತ ಏರುವುದು, ವಿಪರೀತ ಭಯ, ಹರೆಯದ ಮನಸ್ಸಿನ ಮೇಲಿನ ಪೆಟ್ಟು ಎರಡು ದಾರಿಯಲ್ಲೂ ಇದ್ದದ್ದೇ.

ಈಗ ಇದು ಚಾಕಲೇಟ್ ರೂಪದಲ್ಲೂ ಬರುತ್ತಿದೆ, ರಾಜ್ಯದಲ್ಲಿ ಪೊಲೀಸರು ಹಿಡಿದೂ ಇದ್ದಾರೆ. ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸುವುದು ಇದು. ಮಗು ಅದನ್ನು ಮಿಠಾಯಿ ಅಂತಲೇ ತಿನ್ನುತ್ತದೆ ಅಲ್ವಾ? ಚಿಕ್ಕ ಮಕ್ಕಳಲ್ಲಿ ಎಬ್ಬಿಸಲಾಗದ ನಿದ್ದೆ ಬರಬಹುದು, ಉಸಿರೂ ಕುಗ್ಗಬಹುದು. ಏನು ತಿಂದಿದೆ ಎಂದು ಡಾಕ್ಟರಿಗೆ ತಕ್ಷಣ ಹೇಳಿದರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ಓಣಿಯ ಹುಡುಗನ ಮನೆಯವರು ಡಾಕ್ಟರಿಗೆ ‘ಬಿಸಿಲಿಗೆ ಹಿಂಗಾಗೈತ್ರೀ’ ಅಂದಿದ್ದರು. ಎರಡನೇ ಲೋಟದ ಮಾತು ಹೊರಬಂದಾಗ ಸಂಜೆ ಐದಾಗಿತ್ತು.