ಸ್ಪಾಕ್ ಹೇಳಿದ 17,71,561 ಟ್ರಿಬಲ್‌ಗಳ ಲೆಕ್ಕ ಸರಿಯೇ?

ಪ್ರಶ್ನೆ: ಅಮೆರಿಕದ ವಿಜ್ಞಾನಕಥಾ ಟಿವಿ ಸರಣಿ ‘ಸ್ಟಾರ್ ಟ್ರೆಕ್’ನ ಒಂದು ಕಂತಿನಲ್ಲಿ ಟ್ರಿಬಲ್ ಎಂಬ ತುಪ್ಪಳದ ಉಂಡೆಯಂಥ ಪ್ರಾಣಿಗಳು ಧಾನ್ಯದ ಉಗ್ರಾಣಕ್ಕೆ ನುಗ್ಗುತ್ತವೆ. ಒಂದು ಟ್ರಿಬಲ್ ಮೂರು ದಿನದಲ್ಲಿ 17,71,561 ಆಗುತ್ತದೆ ಎಂದು ಅಂತರಿಕ್ಷ ನೌಕೆಯ ಅಧಿಕಾರಿ ಸ್ಪಾಕ್ ಹೇಳುತ್ತಾನೆ. ಹನ್ನೆರಡು ಗಂಟೆಗೊಮ್ಮೆ ಹತ್ತು ಮರಿ ಎಂದು ಲೆಕ್ಕ ಹಾಕಿದರೆ ನನಗೆ ಹತ್ತು ಲಕ್ಷವೇ ಬರುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ಗುಣಿಸಬೇಕಾದದ್ದು ಹತ್ತರಿಂದಲ್ಲ, ಹನ್ನೊಂದರಿಂದ. ಮರಿ ಹಾಕಿದ ತಾಯಿ ಸಾಯುವುದಿಲ್ಲವಲ್ಲ, ಅದನ್ನೂ ಎಣಿಸಬೇಕು. ಒಂದು ತಾಯಿ, ಹತ್ತು ಮರಿ, ಒಟ್ಟು 11. ಮುಂದಿನ ಹನ್ನೆರಡು ಗಂಟೆಗೆ 121, ಆಮೇಲೆ 1,331, ಎರಡು ದಿನ ತುಂಬುವಾಗ 14,641, ಅರವತ್ತನೇ ಗಂಟೆಗೆ 1,61,051, ಎಪ್ಪತ್ತೆರಡನೇ ಗಂಟೆಗೆ 17,71,561. ಎಕ್ಸೆಲ್‌ನಲ್ಲಿ ಮೊದಲ ಮನೆಯಲ್ಲಿ 1 ಬರೆದು, ಕೆಳಗಿನ ಆರು ಮನೆಗಳಲ್ಲಿ ಮೇಲಿನದರ ಹನ್ನೊಂದು ಪಟ್ಟು ಹಾಕುತ್ತಾ ಹೋಗಿ, ಸಾಕು. (ಛಂದಸ್ಸು ಓದಿದವರಿಗೆ 121, 1,331, 14,641ರಲ್ಲಿ ಮೇರುಪ್ರಸ್ತಾರದ, ಅಂದರೆ ಪಾಸ್ಕಲ್ ತ್ರಿಕೋನದ, ಸಾಲುಗಳು ಕಂಡರೆ ಅದು ಭ್ರಮೆಯಲ್ಲ.)

ಗಂಡು–ಹೆಣ್ಣಿನ ಜೋಡಿ ಬೇಡವೇ ಎಂಬ ಅನುಮಾನಕ್ಕೆ ನೌಕೆಯ ವೈದ್ಯ ಡಾ. ಮೆಕಾಯ್ ಮೊದಲೇ ಉತ್ತರ ಕೊಟ್ಟಿದ್ದಾನೆ: ಇವು ಹುಟ್ಟುವಾಗಲೇ ಬಸುರಿ. ಈ ಒಂದು ಮಾತಿಲ್ಲದಿದ್ದರೆ ಲೆಕ್ಕವೇ ನಿಲ್ಲುವುದಿಲ್ಲ. ಜೋಡಿಗೆ ಹತ್ತು ಮರಿ ಎಂದಿಟ್ಟುಕೊಂಡು ಎರಡರಿಂದ ಶುರು ಮಾಡಿದರೆ ಮೂರು ದಿನಕ್ಕೆ ಸಿಗುವುದು ಬರೀ 93,312. ಕಥೆಗಾರ ಡೇವಿಡ್ ಜೆರಾಲ್ಡ್‌ಗೆ ಇದು ಹೊಳೆದದ್ದು ಆಸ್ಟ್ರೇಲಿಯಾದ ಮೊಲಗಳಿಂದ. 1859ರಲ್ಲಿ ವಿಕ್ಟೋರಿಯಾದಲ್ಲಿ ಬೇಟೆಯ ಮೋಜಿಗೆಂದು ಬಿಟ್ಟ ಕೆಲವೇ ಮೊಲಗಳು ಖಂಡವನ್ನೇ ಹಬ್ಬಿದವು. ಆದರೆ ಮೊಲಕ್ಕೂ ಗರ್ಭ ತುಂಬಲು ಒಂದು ತಿಂಗಳು, ಮರಿ ದೊಡ್ಡದಾಗಲು ಇನ್ನೂ ಕೆಲವು ತಿಂಗಳು ಬೇಕು.

ಅಂತೂ ಗುಣಾಕಾರದಲ್ಲಿ ತಪ್ಪಿಲ್ಲ. ಎಡವಟ್ಟು ಇರುವುದು ಸ್ಪಾಕ್ ಅದಕ್ಕೆ ಸೇರಿಸುವ ಮಾತಿನಲ್ಲಿ. ತಿಂದ ಧಾನ್ಯ, ಉಗ್ರಾಣದ ಜಾಗ ಎರಡನ್ನೂ ಗಣನೆಗೆ ತೆಗೆದುಕೊಂಡಿದ್ದೇನೆ ಎನ್ನುತ್ತಾನೆ. ನಿಜಕ್ಕೂ ತೆಗೆದುಕೊಂಡಿದ್ದರೆ ಉತ್ತರ ಹನ್ನೊಂದರ ಆರನೇ ಘಾತವಾಗಿ ಅಚ್ಚುಕಟ್ಟಾಗಿ ಬರುತ್ತಿರಲಿಲ್ಲ. ಮೇಲಾಗಿ ‘ಸರಾಸರಿ’ ಹತ್ತು ಮರಿ ಎಂದವನು ಬಿಡಿ ಸ್ಥಾನದವರೆಗೂ ಖಚಿತವಾಗಿ ಹೇಳುವಂತಿಲ್ಲ. ಮೂರು ದಿನದ ಹಿಂದೆಯೇ ಬಂದಿದ್ದವು ಎಂದಾದರೆ ತಾನೆ, ಎಂದು ಕ್ಯಾಪ್ಟನ್ ಕರ್ಕ್ ಗೊಣಗುವುದು ಸರಿಯಾಗಿಯೇ ಇದೆ: ಅರ್ಧ ದಿನ ತಡವಾಗಿ ಬಂದಿದ್ದರೂ ಲೆಕ್ಕ 1,61,051ಕ್ಕೆ ಇಳಿಯುತ್ತದೆ.

ಜಾಗ ಸಾಲದೇ ಹೋಗುವಷ್ಟೇನೂ ಇಲ್ಲ. ಒಂದಕ್ಕೆ ಒಂದು ಲೀಟರ್ ಜಾಗ ಎಂದರೂ ಉದ್ದ, ಅಗಲ, ಎತ್ತರ ಮೂರೂ ಸುಮಾರು 40 ಅಡಿಯಿರುವ ಕೋಣೆ ಸಾಕು. ಧಾನ್ಯದ್ದೇ ಕಷ್ಟ. ಟ್ರಿಬಲ್ ಒಂದರ ತೂಕ ನೂರೇ ಗ್ರಾಂ ಎಂದುಕೊಳ್ಳಿ: ಒಟ್ಟು 177 ಟನ್ ಮೈ. ಅದಷ್ಟೂ ಧಾನ್ಯದಿಂದಲೇ ಬೆಳೆಯಬೇಕು, ಅದರಲ್ಲಿ 161 ಟನ್ ಕೊನೆಯ ಹನ್ನೆರಡು ಗಂಟೆಯಲ್ಲೇ!

ಮತ್ತೆ ನೋಡುವಾಗ ಗಮನಿಸಬೇಕಾದ ದೊಡ್ಡ ತೂತು ಇನ್ನೊಂದಿದೆ. ಧಾನ್ಯಕ್ಕೆ ವೈರಸ್ ಸೇರಿಸಲಾಗಿತ್ತು. ತಿಂದಷ್ಟೂ ಅದು ರಕ್ತದಲ್ಲಿ ಜಡವಸ್ತುವಾಗಿ ತುಂಬಿಕೊಂಡು, ಎರಡು ಮೂರು ದಿನದಲ್ಲಿ ಪ್ರಾಣಿಗೆ ಆಹಾರವೇ ಹತ್ತದಂತಾಗುತ್ತದೆ ಎಂದು ಮೆಕಾಯ್ ವಿವರಿಸುತ್ತಾನೆ. ಈಗ ವಯಸ್ಸಿನ ಲೆಕ್ಕ ಹಾಕಿ. 17,71,561ರಲ್ಲಿ 16,10,510 ಟ್ರಿಬಲ್‌ಗಳು ಹುಟ್ಟಿದ್ದು ಕೊನೆಯ ಸರದಿಯಲ್ಲಿ. ಎರಡು ದಿನ ತುಂಬಿದವು ಬರೀ 121. ಎರಡು ದಿನ ತಿಂದ ಮೇಲಷ್ಟೇ ಸಾವು ಎಂದಾದರೆ, ಉಗ್ರಾಣದ ಬಾಗಿಲು ತೆರೆದಾಗ ಕರ್ಕ್‌ನ ತಲೆಯ ಮೇಲೆ ಸುರಿಯುವ ರಾಶಿಯಲ್ಲಿ ಸತ್ತದ್ದೊಂದು ಸಿಗುವುದೇ ಅಪರೂಪವಾಗಬೇಕಿತ್ತು. ಕಂತಿನಲ್ಲಿ ಬಹಳಷ್ಟು ಸತ್ತಿವೆ, ಉಳಿದವೂ ಸಾಯುವ ಸ್ಥಿತಿಯಲ್ಲಿವೆ. ವಿಷ ತಾಯಿಯಿಂದ ಹೊಟ್ಟೆಯೊಳಗಿನ ಮರಿಗೆ ಇಳಿಯುತ್ತಿತ್ತು ಎಂದುಕೊಂಡರೆ ಕಥೆಯನ್ನು ಉಳಿಸಬಹುದು. ಆದರೆ ಹಾಗೆಂದು ಯಾರೂ ಹೇಳುವುದಿಲ್ಲ.

1967ರ ಡಿಸೆಂಬರ್ 29ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂದ ಈ ಕಂತಿಗೆ ಹೊಲಿದಿದ್ದ ಟ್ರಿಬಲ್ ಗೊಂಬೆಗಳು ಸುಮಾರು 500: ಮೇಲೆ ಕೃತಕ ತುಪ್ಪಳ, ಒಳಗೆ ಫೋಮ್. ರಾಶಿ ಸುರಿದ ಮೇಲೂ ಒಂದೊಂದಾಗಿ ಟಪ್ ಟಪ್ ಎಂದು ಕರ್ಕ್ ಮೇಲೆ ಬೀಳುತ್ತಿರುತ್ತವಲ್ಲ, ಅದು ಕ್ಯಾಮೆರಾಗೆ ಕಾಣದಂತೆ ಮೇಲಿನಿಂದ ಎಸೆಯುತ್ತಿದ್ದವರ ಕೈಚಳಕ. 1996ರಲ್ಲಿ ಸ್ಟಾರ್ ಟ್ರೆಕ್‌ನದೇ ಇನ್ನೊಂದು ಸರಣಿ ‘ಡೀಪ್ ಸ್ಪೇಸ್ ನೈನ್’ ಇದೇ ದೃಶ್ಯದೊಳಗೆ ತನ್ನ ಪಾತ್ರಗಳನ್ನು ಕೂರಿಸಿತು: ಸಿಸ್ಕೊ, ಡ್ಯಾಕ್ಸ್ ಇಬ್ಬರೂ ಉಗ್ರಾಣದೊಳಗೆ ಕೂತು ಟ್ರಿಬಲ್ ಒಂದರೊಳಗೆ ಅಡಗಿಸಿಟ್ಟ ಬಾಂಬ್ ಹುಡುಕುತ್ತಾ, ಬೇಡವಾದ ಟ್ರಿಬಲ್‌ಗಳನ್ನು ಆಚೆ ಎಸೆಯುತ್ತಿರುತ್ತಾರೆ, ಅವೇ ಕೆಳಗಿರುವ ಕರ್ಕ್‌ನ ತಲೆಗೆ ಬೀಳುವುದು. ಎರಡನ್ನೂ ಬೆನ್ನುಬೆನ್ನಿಗೆ ನೋಡುವುದಾದರೆ 1967ರದ್ದನ್ನು ಮೊದಲು ಹಾಕಿ.