ಪದ ಪರಿಚಯ: ಲೋಡಿಂಗ್ ಬೇ

ಸರಕಿನ ಗಾಡಿ ನಿಂತು ಮಾಲು ಏರಿಸಲು, ಇಳಿಸಲು ಮಾತ್ರ ರಸ್ತೆಯಂಚಿನಲ್ಲಿ ಗೆರೆ ಎಳೆದು ಮೀಸಲಿಟ್ಟ ಜಾಗವೇ ಲೋಡಿಂಗ್ ಬೇ. ಇದು ಪಾರ್ಕಿಂಗ್ ಅಲ್ಲ. ಕೆಲಸ ಮುಗಿದ ಕೂಡಲೇ ಗಾಡಿ ಹೊರಡಬೇಕು.

ಇಂಥ ಜಾಗ ಇಲ್ಲದ ಪೇಟೆ ಹೇಗಿರುತ್ತದೆ ಎಂಬುದು ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಓಡಾಡುವವರಿಗೆ ಗೊತ್ತು. ಅಂಗಡಿ ಮುಂದೆ ಆಗಲೇ ಬೈಕುಗಳ ಸಾಲು. ಟಾಟಾ ಏಸ್ ಅವುಗಳ ಪಕ್ಕಕ್ಕೆ, ನಡುರಸ್ತೆಯಲ್ಲೇ ನಿಲ್ಲುತ್ತದೆ. ಹಾರ್ನ್ ಹೊಡೆದರೆ "ಐದ ನಿಮಿಷ ತಡೀರಿ, ಮಾಲ್ ಇಳಿಸಿ ತಗೀತೇವಿ" ಎಂಬ ಉತ್ತರ. ಪಾಪ, ಅವನಾದರೂ ಎಲ್ಲಿ ನಿಲ್ಲಿಸಬೇಕು?

ರಸ್ತೆ ಎಂಜಿನಿಯರ್‌ಗಳು ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕದಲ್ಲಿ ಅಳೆಯುತ್ತಾರೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಂತೆ ನಗರದ ರಸ್ತೆಯಲ್ಲಿ ಸಣ್ಣ ಸರಕು ವಾಹನ 1.4ರಿಂದ 2 ಕಾರುಗಳಿಗೆ ಸಮ, ಲಾರಿ 2.2ರಿಂದ 3.7ಕ್ಕೆ. ಇದು ಓಡುವ ಗಾಡಿಯ ಲೆಕ್ಕ. ನಿಂತ ಗಾಡಿ ಒಂದಿಡೀ ಲೇನನ್ನೇ ನುಂಗುತ್ತದೆ. ಎರಡೂ ಕಡೆಯವರು ಉಳಿದ ಸಂದಿಯಲ್ಲಿ ಸರದಿ ಮೇಲೆ ನುಸುಳಬೇಕು. ಗಾಡಿ ಹೊರಟ ಮೇಲೂ ಸಾಲು ಥಟ್ಟನೆ ಕರಗದು. ಮುಂದಿನವರು ಒಬ್ಬೊಬ್ಬರಾಗಿ ಕದಲುವಷ್ಟರಲ್ಲಿ ಬಾಲಕ್ಕೆ ಹೊಸಬರು ಸೇರಿರುತ್ತಾರೆ. ಆ ಬಾಲ ಹಿಂದಿನ ಚೌಕ ಮುಟ್ಟಿತೆಂದರೆ ಪೇಟೆಯ ಗೊಡವೆಯೇ ಇಲ್ಲದ ಬಸ್ಸೂ ನಿಲ್ಲುತ್ತದೆ.

ಹಗಲು ಲಾರಿ ಬಿಡದಿದ್ದರಾಯಿತು ಎನ್ನುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಲ್ಲಿ ಅದಕ್ಕೆ ಅವಕಾಶವೂ ಇದೆ. ಆದರೆ ಲಾರಿಯನ್ನು ಬೈಪಾಸಿನಲ್ಲೇ ತಡೆದರೂ ಮಾಲು ಪೇಟೆಗೆ ಬರಲೇಬೇಕಲ್ಲ. 9 ಟನ್ ಮಾಲನ್ನು 750 ಕಿಲೋ ಹೊರುವ ಗಾಡಿಯಲ್ಲಿ ತಂದರೆ 12 ಟ್ರಿಪ್. ನಡುರಸ್ತೆಯಲ್ಲಿ ನಿಲ್ಲುವುದೂ ಕನಿಷ್ಠ 12 ಸಲ. ರಾತ್ರಿ ಇಳಿಸೋಣವೆಂದರೆ ಅಂಗಡಿಯವರೂ ಹಮಾಲರೂ ಎದ್ದಿರಬೇಕು.

ಬೇ ಗಾಡಿಗಿಂತ ಉದ್ದವಿರಬೇಕು, ಹಿಂಬಾಗಿಲು ತೆರೆದು ಚೀಲ ಇಳಿಸಲು ಜಾಗ ಬೇಕು. ಅಂಗಡಿಗಳಿಂದ ದೂರ ಮಾಡಿದರೆ ವ್ಯರ್ಥ: ಕ್ವಿಂಟಲ್‌ಗಟ್ಟಲೆ ಹೊತ್ತು ಅಷ್ಟು ದೂರ ಯಾರು ನಡೆಯುತ್ತಾರೆ? ಪೇಚು ಇರುವುದು ಬೈಕುಗಳದು. ಒಂದು ಬೇ ಮಾಡಿದರೆ ಗಿರಾಕಿಗಳ ಏಳೆಂಟು ಬೈಕಿನ ಜಾಗ ಹೋಗುತ್ತದೆ, ಅಂಗಡಿಯವರು ಒಪ್ಪುವುದು ಕಷ್ಟ. ಅದೇ ಜಾಗವನ್ನು ಬೆಳಗಿನ ಹೊತ್ತು ಮಾಲಿಗೆ, ಗಿರಾಕಿ ಹೆಚ್ಚುವ ಸಂಜೆ ಬೈಕಿಗೆ ಎಂದು ಹಂಚಿದರೆ ನಮ್ಮ ಪೇಟೆಗಳಿಗೆ ಹೆಚ್ಚು ಒಗ್ಗೀತು ಎನಿಸುತ್ತದೆ.